ಕ್ವಾಲಾಲಂಪುರದಲ್ಲಿ ವಿಮಾನವಿಲ್ಲದೆ ಉಳಿದ ದಿನಗಳು

ಸಾಂಕ್ರಾಮಿಕ ರೋಗದ ಕಾಲದಲ್ಲಿ ಪ್ರವಾಸಕ್ಕೆ ಹೋಗಿ ಹೊರದೇಶದಲ್ಲಿ ಸಿಕ್ಕಿಬಿದ್ದವರು ಹೇಗೆ ನಿಭಾಯಿಸಿದರು, ಅಂಥ ಹೊತ್ತಿನಲ್ಲಿ ಮೊದಲು ಯಾವುದಕ್ಕೆ ಗಮನ ಕೊಡಬೇಕು ಎಂದು ಕೇಳಿದ್ದೀರಿ. 2020ರ ಮಾರ್ಚ್ ತಿಂಗಳಲ್ಲಿ ನಾನು ಮತ್ತು ನನ್ನ ತಂದೆ ಮಲೇಷ್ಯಾದ ಕ್ವಾಲಾಲಂಪುರದಲ್ಲಿ ಹೀಗೆ ಉಳಿಯಬೇಕಾಯಿತು. ಅಲ್ಲಿ ಕಂಡದ್ದರ ಆಧಾರದ ಮೇಲೆ ಉತ್ತರಿಸುತ್ತಿದ್ದೇನೆ.

ಮಾರ್ಚ್ 17ರಂದು ಭಾರತ ಸರ್ಕಾರವು ಮಲೇಷ್ಯಾ, ಫಿಲಿಪ್ಪೀನ್ಸ್ ಮತ್ತು ಅಫ್ಘಾನಿಸ್ತಾನಗಳಿಂದ ಪ್ರಯಾಣಿಕರು ಬರುವುದನ್ನು ನಿಷೇಧಿಸಿತು. ಅಂದು ಭಾರತೀಯ ಕಾಲಮಾನ ಮಧ್ಯಾಹ್ನ 3 ಗಂಟೆಯ ನಂತರ ಆ ದೇಶಗಳಿಂದ ಯಾವ ವಿಮಾನವೂ ಭಾರತಕ್ಕೆ ಹೊರಡುವಂತಿರಲಿಲ್ಲ. ನಮ್ಮ ಟಿಕೆಟ್ ಮರುದಿನದ್ದು. ಆ ಮರುದಿನವೇ ಮಲೇಷ್ಯಾದಲ್ಲಿ ಸಂಚಾರ ನಿಯಂತ್ರಣ ಆದೇಶ, ಅಲ್ಲಿಯವರ ಬಾಯಲ್ಲಿ ಎಂಸಿಒ, ಜಾರಿಗೆ ಬಂತು. 22ರಿಂದ ಭಾರತವು ಎಲ್ಲ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನೂ ಮೊದಲಿಗೆ ಒಂದು ವಾರದ ಮಟ್ಟಿಗೆಂದು ನಿಲ್ಲಿಸಿತು. ಆ ಅವಧಿ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಜನರು ಸೋತದ್ದು ಇಲ್ಲಿಯೇ. ಇನ್ನೇನು ಶುರುವಾಗುತ್ತದೆ ಎಂಬ ಆಸೆಯಲ್ಲಿ ಹಲವರು ಹೊಸ ಟಿಕೆಟ್ ಕೊಂಡರು, ಅದು ರದ್ದಾದಾಗ ಹಣದ ಬದಲು ಮುಂದಿನ ಪ್ರಯಾಣಕ್ಕೆ ಬಳಸುವ ಕ್ರೆಡಿಟ್ ಮಾತ್ರ ಸಿಕ್ಕಿತು, ಊಟಕ್ಕೆ ಬಾಡಿಗೆಗೆ ಬೇಕಿದ್ದ ದುಡ್ಡು ಹೀಗೆ ಕೈಬಿಟ್ಟುಹೋಯಿತು. ಸರ್ಕಾರ ಅಧಿಕೃತವಾಗಿ ದಿನಾಂಕ ಪ್ರಕಟಿಸುವವರೆಗೆ ಹೊಸ ಟಿಕೆಟ್ ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಟಿಕೆಟ್‌ಗಿಂತ ಮೊದಲು ನೋಡಬೇಕಾದದ್ದು ಆ ದೇಶದಲ್ಲಿ ಉಳಿಯಲು ನಿಮಗಿರುವ ಅನುಮತಿ. ಅಂದಿನ ವ್ಯವಸ್ಥೆಯಲ್ಲಿ ಅನೇಕ ಭಾರತೀಯ ಪ್ರವಾಸಿಗರು ಕೇವಲ 15 ದಿನಗಳ ಅನುಮತಿಯ ಮೇಲೆ ಮಲೇಷ್ಯಾಕ್ಕೆ ಹೋಗುತ್ತಿದ್ದರು. ನಿರ್ಬಂಧದ ಅವಧಿಯಲ್ಲಿ ಅನುಮತಿ ಮುಗಿದವರು ಆಮೇಲೆ ದಂಡವಿಲ್ಲದೆ ದೇಶ ಬಿಡಬಹುದೆಂದು ಅಲ್ಲಿನ ವಲಸೆ ಇಲಾಖೆ ತಿಳಿಸಿದಾಗ ಎಷ್ಟೋ ಜನರ ಎದೆಯ ಭಾರ ಇಳಿಯಿತು. ಆ ಪ್ರಕಟಣೆಯನ್ನು ಮುದ್ರಿಸಿ ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಂಡಿದ್ದೆ. ರಸ್ತೆಯಲ್ಲಿ ಪೊಲೀಸರು ತಡೆದು ಕೇಳಿದಾಗ ಅದನ್ನೇ ತೋರಿಸಿದೆ. ಪ್ರವಾಸಿ ವಿಮೆಯೂ ಸಾಮಾನ್ಯವಾಗಿ ಪ್ರವಾಸದ ದಿನಾಂಕಕ್ಕೆ ಮುಗಿದುಹೋಗುತ್ತದೆ. ವಿಸ್ತರಣೆಗೆ ಅವಕಾಶವಿದ್ದರೆ ಅವಧಿ ಮುಗಿಯುವ ಮುನ್ನವೇ ಅರ್ಜಿ ಹಾಕಬೇಕು.

ನಮ್ಮನ್ನು ನಿಜಕ್ಕೂ ಹೆದರಿಸಿದ್ದು ತಂದೆಯವರ ರಕ್ತದೊತ್ತಡದ ಮಾತ್ರೆಗಳು. ಊರಿನ ಮೆಡಿಕಲ್ ಶಾಪಿನಲ್ಲಿ ಹೇಳುವ ಬ್ರ್ಯಾಂಡ್ ಹೆಸರು ಅಲ್ಲಿನ ಔಷಧ ಅಂಗಡಿಯವರಿಗೆ ಗೊತ್ತಿರಲಿಲ್ಲ. ಮಾತ್ರೆ ಮುಗಿದಿದ್ದ ಖಾಲಿ ಪಟ್ಟಿಯೊಂದು ಚೀಲದ ತಳದಲ್ಲಿ ಸಿಕ್ಕಿತು. ಅದರ ಹಿಂಭಾಗದ ಬೆಳ್ಳಿಹಾಳೆ ಹರಿದು, ಔಷಧದ ಮೂಲ ಹೆಸರು ಮತ್ತು ಪ್ರಮಾಣ, ಟೆಲ್ಮಿಸಾರ್ಟನ್ 40 ಎಂಬಷ್ಟು ಅಕ್ಷರ ಮಾತ್ರ ಉಳಿದಿತ್ತು. ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿದ್ದ ತಮಿಳು ವೈದ್ಯೆಯೊಬ್ಬರು ಅದನ್ನು ಬೆಳಕಿಗೆ ಹಿಡಿದು ಓದಿ, ತಂದೆಯವರ ಒತ್ತಡ ಅಳೆದು, ಒಂದು ತಿಂಗಳಿಗೆ ಆಗುವಷ್ಟು ಬರೆದುಕೊಟ್ಟರು. ಶುಲ್ಕ ಕೇಳಿದ್ದಕ್ಕೆ, “ಊರಿಗೆ ಹೋದ ಮೇಲೆ ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳಮ್ಮ, ಸಾಕು” ಎಂದರು. ಅವರ ಉಪಕಾರವನ್ನು ನಾನು ಮರೆಯಲಾರೆ. ಪ್ರವಾಸ ಹೊರಡುವವರು ಔಷಧದ ಮೂಲ ಹೆಸರು ಮತ್ತು ಪ್ರಮಾಣವನ್ನು ಬರೆದಿರುವ ವೈದ್ಯರ ಚೀಟಿಯನ್ನು ಜೊತೆಗೆ ಒಯ್ಯಲೇಬೇಕು.

ಊಟಕ್ಕೆ ತೊಂದರೆಯಾಗಲಿಲ್ಲ. ಬ್ರಿಕ್‌ಫೀಲ್ಡ್ಸ್ ಭಾರತೀಯ ಮೂಲದವರು ಹೆಚ್ಚಾಗಿರುವ ಬಡಾವಣೆಯಾದ್ದರಿಂದ ಇಡ್ಲಿ, ಅನ್ನ, ಸಾರು ಪಾರ್ಸೆಲ್ ಸಿಗುತ್ತಿತ್ತು. ಒಂದು ಮನೆಯಿಂದ ಒಬ್ಬರೇ ಹೊರಗೆ ಹೋಗಬೇಕೆಂಬ ನಿಯಮವಿದ್ದುದರಿಂದ ನಾನೇ ಹೋಗಿ ತರುತ್ತಿದ್ದೆ.

ಮರಳುವ ದಾರಿ ತೆರೆದದ್ದು ಮೇ 7ರಂದು ಆರಂಭವಾದ ವಂದೇ ಭಾರತ್ ಕಾರ್ಯಾಚರಣೆಯಿಂದ, ಅಂದರೆ ಹೊರದೇಶಗಳಲ್ಲಿ ಸಿಲುಕಿದ ಭಾರತೀಯರನ್ನು ವಿಮಾನಗಳಲ್ಲಿ ಕರೆತರುವ ಸರ್ಕಾರದ ಕಾರ್ಯಕ್ರಮದಿಂದ. ಮುಂಚೆ ಹೆಸರು ಕೊಟ್ಟವರಿಗೆ ಮೊದಲು ಸೀಟು ಎಂಬ ಕ್ರಮ ಅಲ್ಲಿರಲಿಲ್ಲ. ಗರ್ಭಿಣಿಯರು, ವೃದ್ಧರು, ತುರ್ತು ಚಿಕಿತ್ಸೆ ಬೇಕಾದವರು, ಕೆಲಸ ಕಳೆದುಕೊಂಡ ಕಾರ್ಮಿಕರು, ವೀಸಾ ಮುಗಿದವರು, ಮನೆಯಲ್ಲಿ ಸಾವು ಸಂಭವಿಸಿದವರು ಮುಂತಾದವರಿಗೆ ಆದ್ಯತೆಯಿತ್ತು. ಈ ಕ್ರಮ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಪರಿಸ್ಥಿತಿಯನ್ನು ನೋಂದಣಿ ಅರ್ಜಿಯಲ್ಲಿ ಪೂರ್ತಿಯಾಗಿ ಬರೆಯದಿದ್ದರೆ ನೀವು ಯಾವ ವರ್ಗಕ್ಕೆ ಸೇರುತ್ತೀರೆಂದು ಅಧಿಕಾರಿಗಳಿಗೆ ತಿಳಿಯುವ ಬಗೆಯೇ ಇಲ್ಲ. ತಂದೆಯವರ ವಯಸ್ಸು, ಕಾಯಿಲೆ, ವೀಸಾ ಮುಗಿದ ದಿನಾಂಕ, ಮೂರನ್ನೂ ನಾನು ದಾಖಲೆಗಳ ಸಹಿತ ಸಲ್ಲಿಸಿದ್ದೆ. ಬೆಂಗಳೂರಿನ ವಿಮಾನವೇ ಬೇಕೆಂದು ಕಾಯದೆ, ಕರೆ ಬಂದ ಕೂಡಲೇ ತಿರುಚಿರಾಪಳ್ಳಿಯ ವಿಮಾನಕ್ಕೆ ಒಪ್ಪಿಕೊಂಡೆವು.

ಆ ವಿಮಾನಗಳು ಉಚಿತವಾಗಿರಲಿಲ್ಲ. ಟಿಕೆಟ್ಟಿನ ಹಣವನ್ನು ಪ್ರಯಾಣಿಕರೇ ಕೊಡಬೇಕಿತ್ತು, ಇಳಿದ ಮೇಲೆ 14 ದಿನಗಳ ಕ್ವಾರಂಟೈನ್‌ನಲ್ಲಿ ಇರಬೇಕಿತ್ತು. ಅದಾದ ಮೇಲೂ ತಮಿಳುನಾಡಿನಿಂದ ಕರ್ನಾಟಕದ ಗಡಿ ದಾಟಿ ಬರಲು ನಮ್ಮ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ ಪಾಸ್ ಪಡೆಯಬೇಕಾಯಿತು. ಆದ್ದರಿಂದ ಹೊರದೇಶದಲ್ಲಿರುವಾಗಲೇ ಎಲ್ಲವನ್ನೂ ಖರ್ಚು ಮಾಡಿಬಿಡದೆ, ಟಿಕೆಟ್, ಕ್ವಾರಂಟೈನ್ ಮತ್ತು ಮನೆಯವರೆಗಿನ ಟ್ಯಾಕ್ಸಿ ಈ ಮೂರಕ್ಕೆ ಸಾಕಾಗುವಷ್ಟು ಹಣವನ್ನು ಮೊದಲೇ ಪ್ರತ್ಯೇಕವಾಗಿ ತೆಗೆದಿಡಿ.