ಇಪ್ಪತ್ತು ಲಕ್ಷ ವರ್ಷದ ಮಳೆ ಮತ್ತು ಕುಂಸಿಯ ಜರೀಗಿಡದ ಕಲ್ಲು

ಪ್ರಶ್ನೆ: ಸಾರ್, ನಮ್ಮದು ಕುಂಸಿ ಕಡೆ ಅಡಿಕೆ ತೋಟ. ಹೋದ ಬೇಸಿಗೆಯಲ್ಲಿ ಕೃಷಿ ಹೊಂಡ ತೆಗೆಸುವಾಗ ಜೆಸಿಬಿ ಹಲ್ಲಿಗೆ ಸಿಕ್ಕಿ ಒಂದು ಹಳದಿ ಕಲ್ಲು ಎರಡು ಹೋಳಾಯಿತು. ಒಳಗೆ ಕಪ್ಪಗೆ ಜರೀಗಿಡದ ಅಚ್ಚು ಇದೆ. ಫೋಟೊ ಕಳಿಸಿದ್ದೇನೆ. ಮಗ ಯೂಟ್ಯೂಬ್ ನೋಡಿ ಹೇಳುತ್ತಾನೆ: 23 ಕೋಟಿ ವರ್ಷದ ಹಿಂದೆ ಕಾರ್ನಿಯನ್ ಅನ್ನುವ ಕಾಲದಲ್ಲಿ 20 ಲಕ್ಷ ವರ್ಷ ಬಿಡದೆ ಮಳೆ ಹೊಯ್ದಿತ್ತಂತೆ, ಇದು ಆಗಿನ ಗಿಡವೇ ಇರಬೇಕಂತೆ. ನಿಜವೇ? ಒಬ್ಬರು ಆಗಲೇ ರೇಟು ಕೇಳಿಕೊಂಡು ಹೋಗಿದ್ದಾರೆ.

ಉತ್ತರ: ಮೊದಲು ಕಲ್ಲಿನ ವಿಷಯ ಮುಗಿಸೋಣ, ರೇಟು ಕೇಳಿದವರು ಮತ್ತೆ ಬರುವುದರೊಳಗೆ ನಿಮಗೆ ಗೊತ್ತಿರಲಿ. ಅದು ಗಿಡ ಅಲ್ಲ. ಡೆಂಡ್ರೈಟ್ ಎಂದು ಕರೆಯುತ್ತೇವೆ. ಮ್ಯಾಂಗನೀಸ್ ಕರಗಿದ ನೀರು ಕಲ್ಲಿನ ಸಣ್ಣ ಬಿರುಕಿನೊಳಗೆ ಜಿನುಗುತ್ತಾ ಹೋಗಿ, ಅಲ್ಲಲ್ಲೇ ಕಪ್ಪು ಆಕ್ಸೈಡನ್ನು ಬಿಟ್ಟು ಹೋದ ಗುರುತು. ಮುಂದೆ ಚಾಚಿಕೊಂಡ ತುದಿಗೆ ಹೊಸ ನೀರು ಮೊದಲು ಸಿಗುವುದರಿಂದ ಅದೇ ಇನ್ನಷ್ಟು ಬೆಳೆಯುತ್ತದೆ, ಅದರಿಂದ ಕವಲು, ಕವಲಿಗೆ ಮತ್ತೊಂದು ಕವಲು. ನೋಡುವವರ ಕಣ್ಣಿಗೆ ಸಾಕ್ಷಾತ್ ಜರೀಗಿಡ. ನಿಮ್ಮ ಕುಂಸಿ ಸುತ್ತಮುತ್ತ ಒಂದು ಕಾಲದಲ್ಲಿ ಮ್ಯಾಂಗನೀಸ್ ಗಣಿಗಳೇ ನಡೆದಿದ್ದವು. ಅಲ್ಲಿ ಇಂಥದ್ದು ಸಿಗದಿದ್ದರೇ ಆಶ್ಚರ್ಯ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಭೂತಗನ್ನಡಿ ಹಿಡಿದು ನೋಡಿ. ನಿಜವಾದ ಎಲೆಯ ಅಚ್ಚಾದರೆ ನಡುವೆ ದಂಟು ಇರುತ್ತದೆ, ದಂಟಿನ ಎರಡೂ ಕಡೆ ಎಸಳುಗಳು ಒಂದು ಲೆಕ್ಕದಲ್ಲಿ ಜೋಡಣೆಯಾಗಿರುತ್ತವೆ, ಎಸಳಿನೊಳಗೆ ನರ ಕಾಣುತ್ತದೆ. ನಿಮ್ಮ ಫೋಟೊದಲ್ಲಿ ಎಡ ಅಂಚಿನಿಂದ ನಾಲ್ಕು 'ಗಿಡ' ಸಾಲಾಗಿ ಹೊರಟಿವೆ. ನಾಲ್ಕೂ ಕಲ್ಲಿನ ಬಿರುಕಿನ ಗೆರೆಯಿಂದಲೇ ಹುಟ್ಟಿವೆ, ಒಂದಕ್ಕೂ ನಡುದಂಟು ಇಲ್ಲ, ಕವಲುಗಳು ಮನಸ್ಸಿಗೆ ಬಂದ ಕಡೆ ತಿರುಗಿವೆ. ಗಿಡ ಹಾಗೆ ಬೆಳೆಯುವುದಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಇಂಥದ್ದೇ ಒಂದು ಕಲ್ಲನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮೇಷ್ಟರ ಮುಂದೆ ಬಿಚ್ಚಿದ್ದೆ. ಅವರು ನೋಡಿ, "ಚೆನ್ನಾಗಿದೆ, ಪೇಪರ್ ವೇಟ್ ಮಾಡಿಕೋ" ಎಂದರು. ಇವತ್ತಿಗೂ ಅದು ನನ್ನ ಮೇಜಿನ ಮೇಲಿದೆ. ನಿಮ್ಮದನ್ನೂ ಮಾರಬೇಡಿ, ಷೋಕೇಸಿನಲ್ಲಿಡಿ.

ಇನ್ನು ಮಗ ಹೇಳಿದ ಮಳೆ. ಆ ಮಾತನ್ನು ಸುಳ್ಳು ಎನ್ನಲಾರೆ, ಆದರೆ ಯೂಟ್ಯೂಬಿನವರು ಒಗ್ಗರಣೆ ಜಾಸ್ತಿ ಹಾಕಿದ್ದಾರೆ.

ಟ್ರಯಾಸಿಕ್ ಎಂಬ ಯುಗವನ್ನು ಏಳು ಹಂತಗಳಾಗಿ ವಿಂಗಡಿಸಿದ್ದಾರೆ. ಕಾರ್ನಿಯನ್ ಅದರಲ್ಲಿ ಐದನೆಯದು. ಸುಮಾರು 23.7 ಕೋಟಿ ವರ್ಷದ ಹಿಂದೆ ಶುರುವಾಗಿ 22.7 ಕೋಟಿ ವರ್ಷದ ಹಿಂದಕ್ಕೆ ಮುಗಿಯುತ್ತದೆ, ಅಂದರೆ ಒಂದು ಕೋಟಿ ವರ್ಷದ ಅವಧಿ. ಆಗ ಭೂಮಿಯ ಖಂಡಗಳೆಲ್ಲ ಪ್ಯಾಂಜಿಯಾ ಎಂಬ ಒಂದೇ ನೆಲವಾಗಿ ಅಂಟಿಕೊಂಡಿದ್ದವು, ಅದರ ಒಳನಾಡು ಬಹುಪಾಲು ಬೆಂಗಾಡು. ಇಂಗ್ಲೆಂಡಿನ ಸಾಮರ್‌ಸೆಟ್ ಕಡೆ ಆ ಕಾಲದ ಕೆಂಪು ಮಣ್ಣುಗಲ್ಲು ನೂರಾರು ಮೀಟರ್ ದಪ್ಪಕ್ಕೆ ಇದೆ, ಒಣಪ್ರದೇಶದ ಮಣ್ಣು. ಆ ಕೆಂಪಿನ ನಡುವೆ ಮಾತ್ರ ಬೂದು ಬಣ್ಣದ ಮರಳುಗಲ್ಲಿನ ಒಂದು ಪಟ್ಟಿ. ಮರಳು ತಂದವರು ಯಾರು? ಹೊಳೆ. ಬೆಂಗಾಡಿಗೆ ಹೊಳೆ ಹೇಗೆ ಬಂತು? ಈ ಪ್ರಶ್ನೆ ಹಿಡಿದುಕೊಂಡು ಮೈಕೆಲ್ ಸಿಮ್ಸ್, ಅಲಸ್ಟೇರ್ ರಫೆಲ್ ಎಂಬಿಬ್ಬರು ಬೇರೆ ದೇಶಗಳ ಕಲ್ಲುಗಳನ್ನೂ ಹೋಲಿಸಿ ನೋಡಿ, ಕಾರ್ನಿಯನ್ ನಡುವೆ ದೊಡ್ಡದೊಂದು ಮಳೆಯ ಕಾಲ ಬಂದುಹೋಗಿದೆ ಎಂದು 1989ರಲ್ಲಿ ಪ್ರಕಟಿಸಿದರು. ಆಗ ಬಹಳ ಜನ ಒಪ್ಪಲಿಲ್ಲ. ಆಮೇಲೆ ಇಟಲಿ, ಚೀನಾಗಳಲ್ಲೂ ಅದೇ ಕಥೆ ಸಿಕ್ಕಿತು. ಇಟಲಿಯ ಡಾಲೊಮೈಟ್ಸ್ ಬೆಟ್ಟಗಳಲ್ಲಿ ಸಮುದ್ರದ ಬಿಳಿ ಸುಣ್ಣಗಲ್ಲು ಇದ್ದಕ್ಕಿದ್ದಂತೆ ನಿಂತು, ಮೇಲೆ ನೆಲದಿಂದ ಕೊಚ್ಚಿ ಬಂದ ಮರಳು ಮಣ್ಣು ಕೂತಿದೆ. ಅದರಲ್ಲಿ ಮರದ ಗೋಂದು ಗಟ್ಟಿಯಾದ ಅಂಬರ್ ಹನಿಗಳೂ ಇವೆ, ಎಲ್ಲೋ ಅಪರೂಪಕ್ಕೆ ಒಂದು ಹನಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಸಹ ಸಿಕ್ಕಿಕೊಂಡಿದೆ.

ಕಾರಣವೆಂದು ಹೆಚ್ಚಿನವರು ಬೊಟ್ಟು ಮಾಡುವುದು ರ‍್ಯಾಂಗೇಲಿಯಾ ಎಂಬ ಜ್ವಾಲಾಮುಖಿ ಪ್ರಸ್ಥಭೂಮಿಯ ಕಡೆ. ಅದರ ಲಾವಾ ಈಗ ಕೆನಡಾದ ಪಶ್ಚಿಮ ಅಂಚಿನಲ್ಲಿ, ಅಲಾಸ್ಕಾದಲ್ಲಿ ಉಳಿದಿದೆ. ಲಾವಾದ ಜೊತೆ ಇಂಗಾಲದ ಡೈಆಕ್ಸೈಡ್ ಹೇರಳವಾಗಿ ಗಾಳಿಗೆ ಸೇರಿ, ಭೂಮಿ ಕಾದು, ಸಮುದ್ರದಿಂದ ಹೆಚ್ಚು ನೀರು ಆವಿಯಾಗಿ, ಮಾನ್ಸೂನ್ ಜೋರಾಯಿತು. ಸಮುದ್ರದಲ್ಲಿ ಬಹಳ ಜೀವಿಗಳು ಅಳಿದವು, ನೆಲದ ಮೇಲೆ ಅದುವರೆಗೆ ಮೂಲೆಯಲ್ಲಿದ್ದ ಡೈನೊಸಾರ್‌ಗಳಿಗೆ ದಾರಿ ತೆರೆಯಿತು.

ಈಗ ಆ '20 ಲಕ್ಷ ವರ್ಷ ಬಿಡದೆ'. ಪದರಗಳನ್ನು ಎಣಿಸಿ ಮಾಡಿದ ಲೆಕ್ಕಗಳಲ್ಲಿ ಇದು 12ರಿಂದ 16 ಲಕ್ಷ ವರ್ಷದ ಆಸುಪಾಸು ಬರುತ್ತದೆ. 'ಬಿಡದೆ' ಎನ್ನುವುದಂತೂ ಮಲೆನಾಡಿನವರಾದ ನೀವು ನಂಬಬಾರದ ಮಾತು. ನಾಲ್ಕು ತಿಂಗಳು ಮಳೆಗಾಲ ಎಂದರೆ ನಾಲ್ಕು ತಿಂಗಳೂ ಹನಿ ಕಡಿಯದೆ ಸುರಿಯುತ್ತದೆಯೇ? ಪುನರ್ವಸು ಹೊಯ್ದು, ಎರಡು ದಿನ ಹೊಳವಾಗಿ, ಔಷಧಿ ಹೊಡೆಯೋಣ ಎಂದು ದೋಟಿ ಎತ್ತುವಷ್ಟರಲ್ಲಿ ಪುಷ್ಯ ಹಿಡಿದುಕೊಳ್ಳುತ್ತದೆ. ಅದೂ ಹಾಗೆಯೇ. ಹೊಳವು ಇತ್ತು, ಬೇಸಿಗೆಯೂ ಇತ್ತು. ಕಲ್ಲುಗಳು ನಾಲ್ಕೈದು ಸಲ ಮಳೆ ಜೋರಾಗಿ ಮತ್ತೆ ತಗ್ಗಿದ್ದನ್ನು ತೋರಿಸುತ್ತವೆ. ಒಟ್ಟಿನಲ್ಲಿ ಒಣಗಿದ್ದ ಹವೆ ಲಕ್ಷಾಂತರ ವರ್ಷ ತೇವದ ಕಡೆ ವಾಲಿತ್ತು, ಅಷ್ಟೇ.

ಹಾಗಾದರೆ ಆ ಕಾಲದ ಗಿಡ ಕುಂಸಿಯಲ್ಲಿ ಯಾಕೆ ಸಿಗಬಾರದು ಎಂದು ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ಕೇಳಲಿ, ಸರಿಯಾದ ಪ್ರಶ್ನೆ. ಮಳೆಯ ಗುರುತು ಉಳಿಯುವುದು ಮಳೆ ಬಿದ್ದ ಜಾಗದಲ್ಲಿ ಅಲ್ಲ, ಅದು ಕೊಚ್ಚಿದ ಮಣ್ಣು ಹೋಗಿ ಕೂತ ಜಾಗದಲ್ಲಿ. ಜುಲೈನಲ್ಲಿ ತುಂಗೆ ಕೆಂಪಾಗಿ ಹರಿಯುವುದನ್ನು ಸೇತುವೆ ಮೇಲೆ ನಿಂತು ನೋಡಿದ್ದೀರಲ್ಲ? ಆ ಕೆಂಪು ನಮ್ಮ ಬ್ಯಾಣ, ಬೆಟ್ಟ, ತೋಟಗಳ ಮಣ್ಣು. ಅದು ತೀರ್ಥಹಳ್ಳಿಯಲ್ಲೂ ನಿಲ್ಲುವುದಿಲ್ಲ, ಕೂಡ್ಲಿಯಲ್ಲೂ ನಿಲ್ಲುವುದಿಲ್ಲ. ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗ ಅದರ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ. ಉಳಿದ ಐದರಲ್ಲೊಂದು ಪಾಲು ಜಾಗವನ್ನು ಹೂಳು ಹಿಡಿದಿದೆ. ಎಲ್ಲವೂ ನಮ್ಮ ಮಣ್ಣೇ ಅಲ್ಲ, ದಾರಿಯ ಹೊಲ, ಗಣಿಗಳದ್ದೂ ಸೇರಿದೆ. ಆದರೂ ಮುಂದೆಂದೋ ಆಗುಂಬೆಯ ಮಳೆಯ ಕಥೆ ಓದಬೇಕೆಂದವರು ಆಗುಂಬೆಗಲ್ಲ, ಹೊಸಪೇಟೆಗೆ ಹೋಗಿ ಅಗೆಯಬೇಕು.

ಟ್ರಯಾಸಿಕ್‌ನಲ್ಲೂ ನಮ್ಮ ನೆಲ ಹೀಗೇ ಎತ್ತರದಲ್ಲಿ ನಿಂತು ಸವೆಯುತ್ತಿತ್ತು. ಮಣ್ಣು ಕೂರುವ ತಗ್ಗು ಇಲ್ಲಿರಲಿಲ್ಲ. ಆದ್ದರಿಂದ ಶಿವಮೊಗ್ಗ ಜಿಲ್ಲೆಯಲ್ಲಿ ಆ ಕಾಲದ ಪದರವೇ ಇಲ್ಲ, ಪದರ ಇಲ್ಲದ ಮೇಲೆ ಗಿಡ ಎಲ್ಲಿಂದ? ನಿಮ್ಮ ಹೊಂಡದ ಕಲ್ಲು ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು, ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಕಾರ್ನಿಯನ್‌ಗಿಂತ ಹತ್ತು ಪಟ್ಟು ಹಳೆಯದು. ಅದು ಹುಟ್ಟಿದಾಗ ಭೂಮಿಯ ಮೇಲೆ ಜರೀಗಿಡವಿರಲಿ, ಎಲೆ ಎನ್ನುವುದೇ ಇರಲಿಲ್ಲ.

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. 'ಕಾರ್ನಿಯನ್' ಎಂದಾಗ ಮಕ್ಕಳು "ಮೇಡಂ, ಅದು ಕರ್ನಾಟಕದಿಂದ ಬಂದ ಹೆಸರಾ?" ಎಂದು ಕೇಳಿದರು. ನಗು ಬಂತು, ಆದರೆ ಉತ್ತರ ಗೊತ್ತಿರಲಿಲ್ಲ. ಈ ಹಂತಗಳ ಗಡಿಯನ್ನು ಯಾರು, ಹೇಗೆ ಹಾಕುತ್ತಾರೆ?

ಉತ್ತರ: ಮಕ್ಕಳ ಊಹೆ ಚೆನ್ನಾಗಿದೆ, ಆದರೆ ಅಲ್ಲ. ವಿಯೆನ್ನಾದ ಎಡ್ಮಂಡ್ ಮೊಯ್ಸಿಸೊವಿಕ್ಸ್ 1869ರಲ್ಲಿ ಇಟ್ಟ ಹೆಸರಿದು. ಆಸ್ಟ್ರಿಯ–ಇಟಲಿ ಗಡಿಯ ಕಾರ್ನಿಕ್ ಆಲ್ಪ್ಸ್‌ನಿಂದಲೋ, ಪಕ್ಕದ ಕಾರಿಂಥಿಯಾ ಪ್ರಾಂತ್ಯದಿಂದಲೋ ಎಂಬುದರ ಬಗ್ಗೆ ಅವರ ಕಡೆಯವರಲ್ಲೇ ಒಮ್ಮತವಿಲ್ಲ. ಇದೇ ಮೊಯ್ಸಿಸೊವಿಕ್ಸ್ ನಮ್ಮ ಹಿಮಾಲಯದಿಂದ ಹೋದ ಟ್ರಯಾಸಿಕ್ ಅಮೊನಾಯ್ಡ್‌ಗಳನ್ನೂ ಕೂತು ಅಭ್ಯಾಸ ಮಾಡಿದವರು. ಅಮೊನಾಯ್ಡ್ ಎಂದರೆ ಸುರುಳಿ ಚಿಪ್ಪಿನ ಸಮುದ್ರಜೀವಿ. ನಿಮ್ಮ ಮಕ್ಕಳಿಗೆ ಹೇಳಬೇಕೆಂದರೆ ದೇವರ ಪೆಟ್ಟಿಗೆಯ ಸಾಲಿಗ್ರಾಮ ತೋರಿಸಿ. ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರ ಈ ವಂಶದ ಚಿಪ್ಪಿನದೇ ಅಚ್ಚು, ಅದು ಟ್ರಯಾಸಿಕ್‌ಗಿಂತ ಈಚಿನದು.

ಗಡಿ ಹಾಕುವ ಕ್ರಮ ನಮ್ಮ ಜಮೀನಿನ ಸರ್ವೆಯಂತೆ. ಮಾತಿನಲ್ಲಿ ಗಡಿ ಹೇಳಿದರೆ ತಕರಾರು ತಪ್ಪುವುದಿಲ್ಲ, ಬಾಂದುಕಲ್ಲು ನೆಡಬೇಕು. ಜಗತ್ತಿನ ಭೂವಿಜ್ಞಾನಿಗಳು ಕೂಡಿ, ಪದರಗಳು ಎಲ್ಲೂ ಕಡಿಯದೆ ಸಿಗುವ ಒಂದು ಜಾಗ ಹುಡುಕಿ, ಯಾವುದೋ ಒಂದು ಜೀವಿ ಮೊದಲು ಕಾಣಿಸಿಕೊಳ್ಳುವ ಪದರವನ್ನು ಗುರುತಿಸಿ, ಇಲ್ಲಿಂದ ಈ ಹಂತ ಶುರು ಎಂದು ತೀರ್ಮಾನಿಸುತ್ತಾರೆ. ಅದಕ್ಕೆ 'ಬಂಗಾರದ ಮೊಳೆ' ಎಂದು ಅಡ್ಡಹೆಸರು. ಕಾರ್ನಿಯನ್‌ನ ಮೊಳೆ ಇಟಲಿಯ ಡಾಲೊಮೈಟ್ಸ್‌ನ ಸ್ಟುವೋರೆಸ್ ಎಂಬ ಹುಲ್ಲುಗಾವಲ ಇಳಿಜಾರಿನಲ್ಲಿ, 2008ರಲ್ಲಿ ತೀರ್ಮಾನವಾಯಿತು. ಗುರುತಿನ ಜೀವಿ ಡಕ್ಸಾಟಿನಾ ಕೆನಡೆನ್ಸಿಸ್ ಎಂಬ ಅಮೊನಾಯ್ಡ್. ಅದರ ಹೆಸರಿನಲ್ಲಿ ಕೆನಡಾ, ಮೊಳೆ ಇಟಲಿಯಲ್ಲಿ! ಇದಕ್ಕಿಂತ ತಮಾಷೆ ಟ್ರಯಾಸಿಕ್‌ನ ಮೊದಲ ಹಂತ ಇಂಡುವನ್. ಹೆಸರು ನಮ್ಮ ಸಿಂಧೂ ನದಿಯದು, ಮೊಳೆ ಮಾತ್ರ ಚೀನಾದ ಮೇಷಾನ್‌ನಲ್ಲಿ. ಬಾಂದುಕಲ್ಲು ಒಂದು ಕಡೆ, ಪಹಣಿ ಇನ್ನೊಬ್ಬರ ಹೆಸರಿನಲ್ಲಿ.

ಕರ್ನಾಟಕದ ಹೆಸರು ಬೇಕೇ ಬೇಕೆಂದು ಮಕ್ಕಳು ಹಟ ಹಿಡಿದರೆ ಧಾರವಾಡ ಎನ್ನಿ. ರಾಬರ್ಟ್ ಬ್ರೂಸ್ ಫೂಟ್ ಆ ಊರಿನ ಹೆಸರನ್ನು ನಮ್ಮ ಹಳೇ ಕಲ್ಲುಗಳಿಗೆ ಇಟ್ಟ ಮೇಲೆ ಲೋಕದ ಭೂವಿಜ್ಞಾನಿಗಳೆಲ್ಲ ಅದನ್ನು ಬಲ್ಲರು.

ತರಗತಿಗೆ ಒಂದು ಲೆಕ್ಕ ಕೊಡುತ್ತೇನೆ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಎಂದಿಟ್ಟುಕೊಂಡು ಶಿವಮೊಗ್ಗ ಬಸ್ ಸ್ಟ್ಯಾಂಡಿನಿಂದ ಬೆಂಗಳೂರು ರಸ್ತೆ ಹಿಡಿಯಿರಿ. ನಮ್ಮ ಮನುಷ್ಯ ಜಾತಿಯ ಮೂರು ಲಕ್ಷ ವರ್ಷ 300 ಮೀಟರಿನಲ್ಲಿ, ಬಸ್ಸು ಗೇರ್ ಬದಲಿಸುವಷ್ಟರಲ್ಲಿ ಮುಗಿಯಿತು. ಡೈನೊಸಾರ್ ಅಳಿದ 6.6 ಕೋಟಿ ವರ್ಷ ಬೀರೂರಿನ ಹತ್ತಿರ. ಕಾರ್ನಿಯನ್ ಸಿಗುವುದು 227ರಿಂದ 237ನೇ ಕಿಲೋಮೀಟರಿನವರೆಗೆ, ತುಮಕೂರು ದಾಟಿದ ಮೇಲೆ. ಆ ಹತ್ತು ಕಿಲೋಮೀಟರಿನಲ್ಲಿ ಮಳೆ ಹೊಯ್ದದ್ದು ಒಂದೂವರೆ ಕಿಲೋಮೀಟರ್. ನಮ್ಮ ಮನೆ ಹಿಂದಿನ ಕಲ್ಲಿನ ವಯಸ್ಸು ಮುಟ್ಟಬೇಕಾದರೆ ಅದೇ ಬಸ್ಸಿನಲ್ಲಿ ದೆಹಲಿ ದಾಟಬೇಕು.

ಪ್ರಶ್ನೆ: ಆಗಲೂ ಆಗುಂಬೆಯಲ್ಲಿ ಈಗಿನ ಹಾಗೇ ಮಳೆ ಇತ್ತೇ? ಡೈನೊಸಾರ್ ನಮ್ಮ ಕಡೆ ಓಡಾಡಿಕೊಂಡಿದ್ದವೇ? (ಹೊಸನಗರದ ಪಿಯುಸಿ ವಿದ್ಯಾರ್ಥಿ)

ಉತ್ತರ: ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು ಪಶ್ಚಿಮದಲ್ಲಿ ಸಮುದ್ರ ಇರುವುದರಿಂದ, ಅಲ್ಲಿಂದ ಬಂದ ಮೋಡಕ್ಕೆ ಘಟ್ಟ ಅಡ್ಡ ನಿಂತಿರುವುದರಿಂದ. ನೂರು ಕಿಲೋಮೀಟರ್ ಒಳಗೆ ಶಿವಮೊಗ್ಗ ಪೇಟೆಗೆ ಬಂದರೆ ಮಳೆ ಸಾವಿರದ ಆಸುಪಾಸಿಗೆ ಇಳಿಯುತ್ತದೆ, ಘಟ್ಟದ ಮಹಿಮೆ ಅಷ್ಟು. ಕಾರ್ನಿಯನ್‌ನಲ್ಲಿ ಸಮುದ್ರವೂ ಇಲ್ಲ, ಘಟ್ಟವೂ ಇಲ್ಲ. ಪಶ್ಚಿಮಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಅದು ಬಿಟ್ಟು ಹೊರಟದ್ದು ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ. ಆಗ ಉಕ್ಕಿದ ಲಾವಾದ ಕಂಬಗಳನ್ನು ನೋಡಬೇಕಾದರೆ ಘಟ್ಟ ಇಳಿದು ಮಲ್ಪೆಯಲ್ಲಿ ದೋಣಿ ಹತ್ತಿ, ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗು.

ಡೈನೊಸಾರ್ ಇಲ್ಲಿ ಓಡಾಡಿದ್ದರೂ ಅದರ ಎಲುಬು ಉಳಿಯುವ ಕೆಸರು ಇಲ್ಲಿರಲಿಲ್ಲ, ಮೇಲಿನ ಉತ್ತರ ನೋಡು. ಆ ಕೆಸರು ಇದ್ದದ್ದು ಗೋದಾವರಿ ಕಣಿವೆಯಲ್ಲಿ. ತೆಲಂಗಾಣದ ಹಳೆಯ ಆದಿಲಾಬಾದ್ ಜಿಲ್ಲೆಯ ಮಲೇರಿ ಎಂಬಲ್ಲಿನ ಕೆಂಪು ಜೇಡಿಯ ಕೆಳಪದರಗಳು ಕಾರ್ನಿಯನ್ ಕೊನೆ, ಅದರ ಮುಂದಿನ ಹಂತವಾದ ನೋರಿಯನ್ ಮೊದಲಿನವು. ಅಲ್ಲಿ ಕೊಕ್ಕಿನ ಮೂತಿಯ, ಗಿಡ ತಿನ್ನುವ ಹೈಪರೊಡಾಪೆಡಾನ್ ಎಂಬ ಸರೀಸೃಪ ಬಹಳ ಸಿಕ್ಕಿದೆ. ಶಂಕರ್ ಚಟರ್ಜಿ 1987ರಲ್ಲಿ ಒಂದು ಪುಟ್ಟ ಡೈನೊಸಾರನ್ನೂ ವರ್ಣಿಸಿದರು, ಈಗಿನ ಹೆಸರು ಆಲ್ವಾಕೇರಿಯಾ. ದೊಡ್ಡ ರಾಕ್ಷಸನನ್ನು ಊಹಿಸಿಕೊಳ್ಳಬೇಡ, ಬೀದಿನಾಯಿಯ ಜೊತೆ ನಿಲ್ಲಿಸುವಂಥ ಪ್ರಾಣಿ.

ನಿನಗೆ ನಮ್ಮ ಜಿಲ್ಲೆಯದೇ ಹಳೆಯ ಜೀವ ಬೇಕೆಂದರೆ ಶಿವಮೊಗ್ಗ ಶಿಲಾಪಟ್ಟಿಯ ಡೋಲೊಮೈಟ್ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಇವೆ, 250 ಕೋಟಿ ವರ್ಷಕ್ಕೂ ಹಿಂದಿನವು. ಮಳೆಗಾಲದಲ್ಲಿ ಅಂಗಳದಲ್ಲಿ ಕಾಲು ಜಾರಿಸುವ ಲೋಳೆ ಪಾಚಿಯ ದೂರದ ಪೂರ್ವಜರು ಕಡಲ ದಡದಲ್ಲಿ ಪದರ ಪದರವಾಗಿ ಕಟ್ಟಿದ ದಿಬ್ಬಗಳು ಅವು. ಒಂದರ ಮೇಲೊಂದು ಕವುಚಿಟ್ಟ ಬಟ್ಟಲುಗಳ ಹಾಗೆ ಗೆರೆ ಕಾಣುತ್ತದೆ. ಅಂಥ ಕಲ್ಲು ಕಂಡರೆ ಒಡೆಯಬೇಡ. ನೀರು ಹಾಕಿ ತೊಳೆದು, ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ ಇಟ್ಟು, ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು ಕಳಿಸು.