ಲೆಕ್ಕ ತಪ್ಪಾದ ಕೂಡಲೇ ಕೈಬಿಡುವ ಮಕ್ಕಳಿಗೆ ಟೀಚರ್ ಏನು ಮಾಡಬಹುದು?

ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೀರಿ, ಒಂದು ಲೆಕ್ಕ ತಪ್ಪಾದರೆ ಸಾಕು, ಮಕ್ಕಳು 'ನನಗೆ ಬರಲ್ಲ ಮಿಸ್' ಅಂತ ಪುಸ್ತಕ ಮುಚ್ಚಿಬಿಡುತ್ತಾರೆ ಅಂತ ಬರೆದಿದ್ದೀರಿ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಾನು 14 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ನನ್ನ ಅನುಭವದ ಮಾತು ಇಷ್ಟು: ಮೊದಲು ರಬ್ಬರ್ ಎತ್ತಿಡಿಸಿ.

ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ವರ್ಗಸಮೀಕರಣದ ಲೆಕ್ಕ. ಗುಣಿಸಿದರೆ ಮೈನಸ್ 6, ಕೂಡಿದರೆ ಮೈನಸ್ 1 ಬರುವ ಎರಡು ಸಂಖ್ಯೆ ಬೇಕಿತ್ತು. ಅವಳು 3, ಮೈನಸ್ 2 ಅಂತ ಬರೆದಳು. ಕೂಡಿದರೆ ಪ್ಲಸ್ 1 ಬಂತು. ತಕ್ಷಣ ಹಾಳೆ ಹರಿಯುವ ಹಾಗೆ ಎಲ್ಲಾ ಉಜ್ಜಿ ಅಳಿಸಿಬಿಟ್ಟಳು. ತಪ್ಪಾಗಿದ್ದು ಚಿಹ್ನೆ ಮಾತ್ರ ಅಲ್ವಾ? ಮೈನಸ್ 3, 2 ಮಾಡಿದ್ದರೆ ಮುಗೀತಿತ್ತು. ಆದರೆ ಅಳಿಸಿದ ಮೇಲೆ ಅವಳ ಕಣ್ಣಿಗೆ ಏನೂ ಉಳಿದಿರಲಿಲ್ಲ. ಅವತ್ತಿಂದ ನಮ್ಮ ಕ್ಲಾಸಲ್ಲಿ ತಪ್ಪಿನ ಮೇಲೆ ಒಂದೇ ಗೆರೆ, ಅದರ ಕೆಳಗೆ ಇನ್ನೊಂದು ಸಲ. ನಾನೂ ತಿದ್ದುವಾಗ ದೊಡ್ಡ ಇಂಟು ಹಾಕುವುದಿಲ್ಲ. ಎಲ್ಲಿವರೆಗೆ ಸರಿಯಿದೆಯೋ ಆ ಸಾಲಿಗೆ ರೈಟ್ ಹಾಕಿ, 'ಇಲ್ಲಿಂದ ನೋಡು' ಅಂತ ಬರೆಯುತ್ತೇನೆ.

ಸುಮ್ನೆ 'ಜಾಣೆ, ಜಾಣ' ಅಂತಲೂ ಹೊಗಳಬೇಡಿ. ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯೂಲರ್, ಕರೋಲ್ ಡ್ವೆಕ್ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಅಧ್ಯಯನ 1998ರಲ್ಲಿ ಬಂತು. ಬುದ್ಧಿ ಹೊಗಳಿಸಿಕೊಂಡ ಮಕ್ಕಳು ಸೋತ ಮೇಲೆ ಬೇಗ ಕುಗ್ಗಿದರು, ಪಟ್ಟ ಶ್ರಮ ಹೊಗಳಿಸಿಕೊಂಡವರು ಪ್ರಯತ್ನ ಮುಂದುವರಿಸಲು ಹೆಚ್ಚು ಆಸಕ್ತಿ ತೋರಿದರು. ನಾನು ಈಗ 'ಎರಡು ಸಲ ತಪ್ಪಿದರೂ ಮೂರನೇ ದಾರಿ ಹುಡುಕಿದೆಯಲ್ಲ' ಅಂತೀನಿ. ನಡೆದಿದ್ದನ್ನೇ ಹೇಳಬೇಕು. ಏನೂ ಮಾಡದ ಮಗುವಿಗೆ ಹಾಗಂದರೆ ಅದಕ್ಕೆ ಗೊತ್ತಾಗುತ್ತೆ.

ಇನ್ನೊಂದು ವಿಷಯ. ಎಲ್ಲವೂ ಛಲದ ಕೊರತೆ ಅಂದುಕೊಳ್ಳಬೇಡಿ. ನಮ್ಮ ಕಡೆ ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲಿ ಅಂತ ಚಂದ್ರಿಕೆ ಅನ್ನೋ ತಟ್ಟೆಗೆ ಬಿಡುವಾಗ ಮನೆಮಂದಿಯೆಲ್ಲ ಕೆಲಸಕ್ಕೆ ಬೇಕು, ಮಕ್ಕಳೂ ಶಾಲೆಗೆ ಬರಲ್ಲ. ವಾಪಸ್ ಬಂದವರಿಗೆ ಬೋರ್ಡ್ ಮೇಲಿರುವುದು ಅರ್ಥವಾಗದಿದ್ದರೆ ಅದು ಸೋಮಾರಿತನವೇ? ಊಟದ ಬಿಡುವಲ್ಲಿ ಹತ್ತು ನಿಮಿಷ ಕೂರಿಸಿಕೊಂಡು ತಪ್ಪಿಹೋದ ಪಾಠ ಹೇಳಿಕೊಡಿ, ಸಾಕು.

ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಫೇಲಾದವರಿಗೆ ನಾನೇ ಫೋನ್ ಮಾಡಿ, ಹಳೇ ನೋಟ್‌ಬುಕ್ ತಗೊಂಡು ಬಾ ಅಂತೀನಿ. ಗೆರೆ ಎಳೆದ ತಪ್ಪುಗಳೆಲ್ಲ ಅದರಲ್ಲೇ ಇರುತ್ತವೆ. ಎರಡನೇ ಪರೀಕ್ಷೆಯ ಓದನ್ನು ಅಲ್ಲಿಂದಲೇ ಶುರು ಮಾಡುತ್ತೇವೆ.