ಹಿಂದಿನ ಬೆಂಚಿನ ಅಜ್ಜಿಯ ಪಕ್ಕ ಕೂತು ನೋಡಿ

ಸಹೋದರಿ, ಪರದೇಶಕ್ಕೆ ಬಂದು ಮೂರು ತಿಂಗಳಾಯ್ತು, ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತೇನೆ, ಎಲ್ಲರೂ ನಕ್ಕು ಕೈಕುಲುಕುತ್ತಾರೆ, ಆದರೂ ಸ್ನೇಹಿತರು ಅಂತ ಒಬ್ಬರೂ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಊರು ಬಿಟ್ಟು 19 ವರ್ಷವಾಯಿತು. ನನ್ನ ಮೊದಲ ವರ್ಷವೂ ಹೀಗೇ ಇತ್ತು. ಆಮೇಲೆ ಒಬ್ಬ ಗೆಳತಿ ಸಿಕ್ಕರು. ಆಗ ಅವರಿಗೆ 78 ವರ್ಷ.

ನಮ್ಮ ವಯಸ್ಸಿನವರು ಆರಾಧನೆ ಮುಗಿದ ಕೂಡಲೇ ಮಕ್ಕಳನ್ನು ಕರೆದುಕೊಂಡು ಹೊರಟುಬಿಡುತ್ತಾರೆ. ಅವರನ್ನು ತಪ್ಪು ಅನ್ನೋದಕ್ಕಾಗಲ್ಲ. ವಯಸ್ಸಾದವರು ಮಾತ್ರ ನಿಧಾನವಾಗಿ ಏಳುತ್ತಾರೆ. ನನ್ನ ಅಜ್ಜಿ (ಮನಸ್ಸಿನಲ್ಲಿ ಅವರನ್ನು ಹಾಗೇ ಕರೆಯುತ್ತಿದ್ದೆ) ಬೆಂಚಿನ ಮೇಲೆ ಉಳಿದ ಹಾಡಿನ ಪುಸ್ತಕಗಳನ್ನು ಜೋಡಿಸುತ್ತಾ ಕೊನೆಯವರೆಗೂ ಇರುತ್ತಿದ್ದರು. ಒಂದು ದಿನ ನಾನೂ ಕೈಹಾಕಿದೆ.

ಅವತ್ತು ಓದಿದ್ದು ಬೈಬಲಿನ 23ನೇ ಕೀರ್ತನೆ. ಅವರದು ಹಳೇ ಕಿಂಗ್ ಜೇಮ್ಸ್ ಬೈಬಲ್, 1611ರ ಅನುವಾದ. ಅದರಲ್ಲಿ ‘ಐ ಶಲ್ ನಾಟ್ ವಾಂಟ್’ ಅಂತಿದೆ. ಕರ್ತನು ನನ್ನ ಕುರುಬ, ನನಗೆ ಬೇಡ ಅಂದ ಹಾಗೆ ನನಗೆ ಕೇಳಿಸಿತು! ಸಂಕೋಚ ಬಿಟ್ಟು ಕೇಳಿದೆ. ಹಿಂದಿನ ಇಂಗ್ಲಿಷಿನಲ್ಲಿ ‘ವಾಂಟ್’ ಅಂದರೆ ಕೊರತೆ ಅಂತ ಹೇಳಿದರು. ನಾನು ನಮ್ಮ ಸತ್ಯವೇದ, ಅಂದರೆ ಕನ್ನಡ ಬೈಬಲ್ ತೆಗೆದು ‘ಕೊರತೆಪಡೆನು’ ಅಂತ ಓದಿ ತೋರಿಸಿದೆ. ಇನ್ನೊಂದು ಸಲ ಓದು ಅಂದರು. ಬುಧವಾರ ಸಂಜೆ ಮನೆಗೆ ಬಾ, ನಿನ್ನ ಪುಸ್ತಕವನ್ನೂ ತಾ ಅಂದರು.

ಹೀಗೆ ಶುರುವಾಯಿತು. ಅವರು ಒಂದು ವಚನ ಇಂಗ್ಲಿಷಿನಲ್ಲಿ, ನಾನು ಅದೇ ವಚನ ಕನ್ನಡದಲ್ಲಿ. 119ನೇ ಕೀರ್ತನೆಯ 147ನೇ ವಚನದಲ್ಲಿ ಅವರ ಬೈಬಲ್ ನಾನು ಬೆಳಗನ್ನು ‘ಪ್ರಿವೆಂಟ್’ ಮಾಡಿದೆ (ಈಗಿನ ಅರ್ಥದಲ್ಲಿ ತಡೆದೆ) ಅನ್ನುತ್ತದೆ. ಅಷ್ಟು ವರ್ಷ ಓದಿದ ಅವರೂ ಅಲ್ಲಿ ತಡವರಿಸುತ್ತಿದ್ದರಂತೆ. ಬೆಳಗಾಗುವ ಮುಂಚೆಯೇ ಎದ್ದೆ ಅನ್ನುವ ಅರ್ಥ ನಮ್ಮ ಕನ್ನಡದಲ್ಲಿ ನೇರವಾಗಿತ್ತು. ಅವತ್ತು ನಾನು ಅವರಿಗೆ ಕಲಿಸಿದೆ. ಹೊಸ ದೇಶದಲ್ಲಿ ಎಲ್ಲರಿಂದ ಬರೀ ಕಲಿಯುತ್ತಲೇ ಇದ್ದವಳಿಗೆ ಅದು ಎಷ್ಟು ದೊಡ್ಡದು ಗೊತ್ತಾ?

ಮರೆಯಲಾಗದ್ದು ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯ. ಅದರ 11ನೇ ವಚನ ನಿಮಗೂ ಬಾಯಿಪಾಠ ಇರಬೇಕು, ಒಳ್ಳೇ ಭವಿಷ್ಯದ ಮಾತು. ಅಜ್ಜಿ ನನ್ನನ್ನು ಒಂದು ವಚನ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿರುವುದು ವಾಪಸ್ ಬರುವ ಮುಂಚೆ ಕಳೆಯಬೇಕಾದ 70 ವರ್ಷದ ಲೆಕ್ಕ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಬರೆದ ಕಾಗದ ಅದು. ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಅಂತ ಮೊದಲು ಹೇಳಿದೆ. ನಾನು ಆಗ ವಾಪಸ್ ಹೋಗುವ ದಿನ ಎಣಿಸುತ್ತಿದ್ದೆ. ಆ ಸಂಜೆ ತುಂಬಾ ಅತ್ತೆ. ಅವರು ಏನೂ ಹೇಳಲಿಲ್ಲ, ಸುಮ್ನೆ ಕೈ ಹಿಡಿದುಕೊಂಡು ಕೂತರು.

ನೀವೂ ನಿಮ್ಮ ಚರ್ಚಿನ ಒಬ್ಬ ಹಿರಿಯರ ಜೊತೆ ಹೀಗೆ ಓದಿ ನೋಡಿ, ಬೈಬಲಿನ ರೂತಳ ಪುಸ್ತಕದಿಂದ ಶುರುಮಾಡಿ. ನಾಲ್ಕೇ ಅಧ್ಯಾಯ, ಅವಳೂ ಪರದೇಶಕ್ಕೆ ಬಂದವಳು, ಅವಳ ಜೊತೆಗೂ ಒಬ್ಬ ಹಿರಿಯಳಿದ್ದಳು, ಅವಳ ಅತ್ತೆ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ವಯಸ್ಸಾದವರು ಅರ್ಧ ಗಂಟೆ ಮುಂಚೆಯೇ ಕಾಯುತ್ತಿರುತ್ತಾರೆ. ಹೋಗಲು ಆಗದಿದ್ದರೆ ಫೋನ್ ಮಾಡಿ. ಕಿವಿ ಮಂದವಾಗಿದ್ದರೆ ಎದುರಿಗೆ ಕೂತು ನಿಧಾನವಾಗಿ ಓದಿ. ಅವರ ಮಕ್ಕಳ ಪರಿಚಯ ಬೇಗ ಮಾಡಿಕೊಳ್ಳಿ, ಮನೆಗೆ ಬರುವವರು ಯಾರು ಅಂತ ಅವರಿಗೆ ಗೊತ್ತಿರಬೇಕು ಅಲ್ವಾ. ದುಡ್ಡಿನ ವಿಷಯ ಮಾತ್ರ ಬೇಡ, ಸಾಲ ಕೇಳುವುದೂ ಬೇಡ, ಕೊಟ್ಟರೂ ಬೇಡ. ಒಂದು ವಚನದ ಮೇಲೆ ನಿಮ್ಮಿಬ್ಬರ ಅಭಿಪ್ರಾಯ ಬೇರೆಯಾದರೆ ಜಗ್ಗಾಡಬೇಡಿ. ನಾವು ಅಂಥ ವಚನಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಿದ್ದೆವು.

ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಬುಧವಾರ ನಾನೇ ಎರಡೂ ಭಾಷೆಯಲ್ಲಿ ಓದುತ್ತೇನೆ. 23ನೇ ಕೀರ್ತನೆ ಬಂದರೆ ಮಾತ್ರ ‘ಕೊರತೆಪಡೆನು’ ಅನ್ನೋದನ್ನು ಅವರೇ ಹೇಳುತ್ತಾರೆ.